ಹಿಮದ ಹಾದಿಯಲ್ಲಿ ಒಂದು ದಿನ

ಮಂಜುಗಡ್ಡೆಯನ್ನು ಕರಗಿಸಲು ಗ್ರಾಂ ಒಂದಕ್ಕೆ ೮೦ ಕ್ಯಾಲರಿ ಶಾಖ ಬೇಕೆಂಬ ಮಾತನ್ನು ಕಳೆದ ಹತ್ತು ವರ್ಷಗಳಲ್ಲಿ ಕರಿಹಲಗೆಯ ಮೇಲೆ ನಾವು ಎಷ್ಟು ಸಾರಿ ಬರೆದಿದ್ದೇವೆಯೋ ಲೆಕ್ಕವಿಲ್ಲ. ಆದರೆ ಪ್ರಯೋಗಶಾಲೆಗೆ ಬರುತ್ತಿದ್ದ ಗಡ್ಡೆ ಯಾವಾಗಲೂ ಐಸ್ ಕಾರ್ಖಾನೆಯದು. ಮರದ ಹೊಟ್ಟಿನಲ್ಲಿ ಹುದುಗಿ, ಗೋಣಿತಟ್ಟು ಹೊದ್ದು, ಸೈಕಲ್ಲಿನ ಹಿಂದೆ ಕುಳಿತು ಬಂದದ್ದು. ಆಕಾಶದಿಂದ ಇಳಿದ ಹಿಮವನ್ನು ನಾವು ಕಂಡವರೇ ಅಲ್ಲ. ಕಾಣದ ವಸ್ತುವನ್ನು ಕುರಿತು ಅಷ್ಟು ಧೈರ್ಯವಾಗಿ ಪಾಠ ಹೇಳುವವರು ವೇದಾಂತಿಗಳನ್ನು ಬಿಟ್ಟರೆ ನಾವೇ ಇರಬೇಕು. ಈ ಕೊರತೆ ಕಳೆದ ಜನವರಿಯಲ್ಲಿ ನೀಗಿತು. ಭಾರತದ ನಾನಾ ಊರುಗಳಿಂದ ಬಂದ ಹದಿನೈದು ಮಂದಿಯ ಪ್ರವಾಸೀ ತಂಡವೊಂದರಲ್ಲಿ ಸೇರಿ ಜಪಾನಿಗೆ ಹೋಗಿದ್ದಾಗ, ತಕಾಯಾಮ ಎಂಬ ಬೆಟ್ಟದ ಊರಿನಿಂದ ಹೊರಟು, ಷಿರಕಾವ-ಗೋ ಹಳ್ಳಿಯನ್ನು ನೋಡಿಕೊಂಡು, ಕಾನಜಾವ ನಗರವನ್ನು ಸೇರಿದೆವು. ಆ ಒಂದು ದಿನದ ಕಥೆ ಇದು.

ತಕಾಯಾಮ ಸಮುದ್ರಮಟ್ಟದಿಂದ ಸುಮಾರು ೫೭೦ ಮೀಟರು ಎತ್ತರದಲ್ಲಿರುವ ಊರು. ಬೆಳಗ್ಗೆ ಏಳು ಗಂಟೆಗೆ ವಸತಿಗೃಹದ ಬಾಗಿಲಿನ ಉಷ್ಣತಾಮಾಪಕ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. ನಮ್ಮ ಮಾರ್ಗದರ್ಶಿನಿ ಎಲ್ಲರಿಗೂ ಅಂಗೈಯಗಲದ ಬಟ್ಟೆಯ ಚೀಲವೊಂದನ್ನು ಕೊಟ್ಟರು. ಅದರ ಹೆಸರು ಕೈರೋ. ಹೊರಗವಸನ್ನು ಹರಿದು ಜೇಬಿನಲ್ಲಿಟ್ಟರೆ ಕೆಲವು ನಿಮಿಷಗಳಲ್ಲಿ ಬೆಚ್ಚಗಾಗಿ ಗಂಟೆಗಟ್ಟಲೆ ಹಾಗೆಯೇ ಇರುತ್ತದೆ. ಅದರೊಳಗಿರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲಿನ ಪುಡಿ, ಸ್ವಲ್ಪ ನೀರು. ಗಾಳಿ ಸೋಕಿದೊಡನೆ ಕಬ್ಬಿಣ ತುಕ್ಕು ಹಿಡಿಯಲಾರಂಭಿಸುತ್ತದೆ. ತುಕ್ಕು ಹಿಡಿಯುವುದು ನಿಧಾನವಾಗಿ ಉರಿಯುವುದೇ ಅಲ್ಲವೆ? ನಮ್ಮ ಮನೆಯ ಕಿಟಕಿಯ ಸರಳುಗಳೂ ವರ್ಷಗಟ್ಟಲೆ ಇದೇ ಶಾಖವನ್ನು ಬಿಡುತ್ತಿರುತ್ತವೆ. ಆದರೆ ಅದು ಯಾರ ಅರಿವಿಗೂ ಬರುವುದಿಲ್ಲ.

ಬೆಳಗಿನ ಉಪಾಹಾರಕ್ಕೆ ಹೋಬಾ ಮಿಸೊ ಎಂಬ ಈ ನಾಡಿನ ತಿನಿಸನ್ನು ಕೊಟ್ಟರು. ಪ್ರತಿಯೊಬ್ಬರ ಮುಂದೆಯೂ ಒಂದು ಪುಟ್ಟ ಇದ್ದಿಲೊಲೆ, ಅದರ ಮೇಲೆ ಒಣಗಿದ ಮ್ಯಾಗ್ನೋಲಿಯ ಮರದ ಎಲೆ, ಎಲೆಯ ನಡುವೆ ಸೋಯಾ ಅವರೆಯನ್ನು ಹುದುಗಿಸಿ ಮಾಡಿದ ಮಿಸೊ ಎಂಬ ಉಪ್ಪಾದ ಹಿಟ್ಟು, ಅದರೊಡನೆ ಹೆಚ್ಚಿದ ಈರುಳ್ಳಿದಂಟು ಮತ್ತು ಅಣಬೆ. ಮುತ್ತುಗದ ಎಲೆಯ ಮೇಲೆ ಉಂಡವರಿಗೆ ಎಲೆ ಹೊಸದಲ್ಲ. ಆದರೆ ಎಲೆಯನ್ನೇ ಬಾಣಲೆಯಾಗಿ ಕೆಂಡದ ಮೇಲಿಡುವುದನ್ನು ನಾವು ಕಂಡಿರಲಿಲ್ಲ. ಮಿಸೊ ಕೊತಕೊತ ಕುದಿದು ಪರಿಮಳ ಬಂದರೂ ಎಲೆ ಹೊತ್ತಿಕೊಳ್ಳಲಿಲ್ಲ. ಕಾಗದದ ದೊನ್ನೆಯಲ್ಲಿ ನೀರು ಕಾಯಿಸುವ ಪ್ರಯೋಗವನ್ನು ಪ್ರೌಢಶಾಲೆಯಲ್ಲಿ ಮಾಡಿದವರಿಗೆ ಕಾರಣ ಹೊಳೆಯುತ್ತದೆ. ಎಲೆಯನ್ನು ಮೊದಲೇ ನೀರಿನಲ್ಲಿ ನೆನೆಸಿರುತ್ತಾರೆ; ಮಿಸೊದಲ್ಲಿಯೂ ನೀರಿದೆ. ಆ ನೀರಿರುವವರೆಗೆ ಉಷ್ಣತೆ ನೂರು ಡಿಗ್ರಿಯನ್ನು ಹೆಚ್ಚಾಗಿ ಮೀರಲಾರದು. ಕೆಂಡದಿಂದ ಬರುವ ಶಾಖವೆಲ್ಲ ಗ್ರಾಂ ಒಂದಕ್ಕೆ ಸುಮಾರು ೫೪೦ ಕ್ಯಾಲರಿಯಂತೆ ನೀರನ್ನು ಆವಿ ಮಾಡುವುದಕ್ಕೆ ವ್ಯಯವಾಗುತ್ತದೆ. ಎಲೆ ಹೊತ್ತಿಕೊಳ್ಳಬೇಕಾದರೆ ಇನ್ನೂ ನೂರಾರು ಡಿಗ್ರಿ ಏರಬೇಕು. ಇದಕ್ಕೆ ಸಾಕ್ಷಿಯೂ ತಟ್ಟೆಯಲ್ಲೇ ಇತ್ತು: ಮಿಸೊ ಮುಟ್ಟದ ಎಲೆಯ ಅಂಚು ಮಾತ್ರ ಕರಿಕಾಗಿ ಹೊಗೆಯಾಡುತ್ತಿತ್ತು.

ನಮ್ಮ ಪಕ್ಕದಲ್ಲಿ ಕುಳಿತಿದ್ದವರು ಹುಬ್ಬಳ್ಳಿಯ ವೃದ್ಧ ಮಾತೆಯೊಬ್ಬರು. ಅವರ ಚಿಂತೆ ಬೇರೆ. ಸಾರಿನ ಬಟ್ಟಲನ್ನು ನಮ್ಮತ್ತ ಸರಿಸಿ, “ಮಾಸ್ತರ, ಈ ಸಾರಿನ್ಯಾಗ ಮೀನ ಇಲ್ಲಂತ ಖಾತ್ರಿ ಏನ್ರೀ?” ಎಂದು ಕೇಳಿದರು. ಖಾತ್ರಿ ಹೇಳುವುದು ಸುಲಭವಾಗಿರಲಿಲ್ಲ. ಜಪಾನಿನ ಅಡಿಗೆಯ ತಳಹದಿಯೇ ದಾಷಿ ಎಂಬ ತಿಳಿ ಸಾರು. ಒಣಗಿಸಿ ಹೊಗೆಯಾಡಿಸಿದ ಮೀನಿನ ಚಕ್ಕೆಗಳಿಂದಲೂ ಕೊಂಬು ಎಂಬ ಕಡಲ ಪಾಚಿಯಿಂದಲೂ ಅದನ್ನು ಮಾಡುತ್ತಾರೆ. ಮಾರ್ಗದರ್ಶಿನಿ ಅಡಿಗೆಮನೆಗೆ ಹೋಗಿ ವಿಚಾರಿಸಿ, ಇವರ ಬಟ್ಟಲಿನದು ಬರಿಯ ಕೊಂಬಿನ ಸಾರೆಂದು ಹೇಳಿದ ಮೇಲೆಯೇ ಅವರು ಚಮಚ ಎತ್ತಿದ್ದು. ಈ ಪಾಚಿಗೆ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ೧೯೦೮ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಕಿಕುನೇ ಇಕೆದ ಅವರು ಇದರ ಸಾರಿನ ರುಚಿ ಸಿಹಿ, ಹುಳಿ, ಉಪ್ಪು, ಕಹಿ ಈ ಯಾವುದರೊಳಗೂ ಸೇರುವುದಿಲ್ಲವೆಂದು ಯೋಚಿಸಿ, ಅದರಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅವರ ಶಿಷ್ಯ ಕೊದಾಮ ೧೯೧೩ರಲ್ಲಿ ಒಣಮೀನಿನ ರುಚಿಗೆ ಇನೊಸಿನಿಕ್ ಆಮ್ಲವೇ ಕಾರಣವೆಂದು ಕಂಡರು. ಮಾಗಿದ ಟೊಮ್ಯಾಟೊ ಹಣ್ಣಿನಲ್ಲಿಯೂ ಈ ಗ್ಲುಟಾಮಿಕ್ ಆಮ್ಲವಿದೆ; ಆದ್ದರಿಂದ ನಮ್ಮ ಸಾರಿಗೂ ಇದು ತೀರ ಪರಕೀಯವಲ್ಲ.

ಒಂಬತ್ತು ಗಂಟೆಗೆ ಬಸ್ಸು ಹೊರಟಿತು. ಹತ್ತುವ ಮುನ್ನ ನಮ್ಮ ಕರಿಯ ಕೋಟಿನ ತೋಳಿನ ಮೇಲೆ ಬಿದ್ದ ಕೆಲವು ಹಿಮದ ಕಣಗಳನ್ನು ಸಣ್ಣ ಮಸೂರದಿಂದ ನೋಡಿದೆವು. ಆರು ಕವಲಿನ ನಕ್ಷತ್ರಗಳು! ಪುಸ್ತಕದ ಚಿತ್ರಗಳಲ್ಲಿರುವಷ್ಟು ಅಚ್ಚುಕಟ್ಟಲ್ಲ. ಒಂದರಲ್ಲಿ ಎರಡು ಕವಲು ಮುರಿದಿದ್ದವು, ಇನ್ನೊಂದು ಬರಿಯ ತಟ್ಟೆ. ಆದರೂ ಆರರ ಲೆಕ್ಕ ತಪ್ಪಿರಲಿಲ್ಲ. ಏಕೆ ಆರೇ ಎಂಬ ಪ್ರಶ್ನೆಯನ್ನು ಕೆಪ್ಲರನು ೧೬೧೧ರಲ್ಲೇ ಎತ್ತಿದ್ದನು. ನೀರಿನ ಅಣುಗಳು ಮಂಜುಗಡ್ಡೆಯಲ್ಲಿ ಷಟ್ಕೋನದ ಜಾಲವಾಗಿ ಹೆಣೆದುಕೊಳ್ಳುತ್ತವೆ ಎಂಬುದು ತಿಳಿಯಲು ಎಕ್ಸ್ ಕಿರಣಗಳ ಕಾಲ ಬರಬೇಕಾಯಿತು. ಕಣಗಳ ರೂಪಭೇದವನ್ನು ಬಿಡಿಸಿದ ಭೌತವಿಜ್ಞಾನಿ ಇದೇ ಸೀಮೆಯವರು. ಉಕಿಚಿರೊ ನಕಾಯ ೧೯೦೦ರಲ್ಲಿ ಕಾನಜಾವಕ್ಕೆ ನೈಋತ್ಯದಲ್ಲಿರುವ ಕಾತಯಾಮಜು ಎಂಬ ಊರಿನಲ್ಲಿ ಹುಟ್ಟಿದರು. ಹೊಕ್ಕೈಡೊ ವಿಶ್ವವಿದ್ಯಾನಿಲಯದ ಶೀತಲ ಕೊಠಡಿಯಲ್ಲಿ ೧೯೩೬ರಲ್ಲಿ ಮೊಲದ ರೋಮವೊಂದರ ತುದಿಯಲ್ಲಿ ಕೃತಕ ಹಿಮಸ್ಫಟಿಕವನ್ನು ಬೆಳೆಸಿದವರಲ್ಲಿ ಅವರೇ ಮೊದಲಿಗರು. ಹತ್ತಿಯ ನೂಲು, ರೇಷ್ಮೆಯ ಎಳೆಗಳಲ್ಲಿ ಪ್ರಯತ್ನಿಸಿದಾಗ ಹಿಮ ಎಲ್ಲೆಂದರಲ್ಲಿ ಮುತ್ತಿಕೊಳ್ಳುತ್ತಿತ್ತಂತೆ; ಮೊಲದ ರೋಮದಲ್ಲಿರುವ ಗಂಟುಗಳ ಮೇಲೆ ಮಾತ್ರ ಒಂದೊಂದೇ ಸ್ಫಟಿಕ ನಿಂತಿತು. ಗಾಳಿಯ ಉಷ್ಣತೆಯೂ ತೇವವೂ ಎಷ್ಟೆಷ್ಟಿದ್ದರೆ ಸೂಜಿ, ಎಷ್ಟಿದ್ದರೆ ತಟ್ಟೆ, ಎಷ್ಟಿದ್ದರೆ ನಕ್ಷತ್ರ ಎಂಬುದನ್ನು ಅವರು ಒಂದೇ ನಕ್ಷೆಯಲ್ಲಿ ಗುರುತಿಸಿದರು. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ತೇವ ಹೆಚ್ಚಾಗಿದ್ದರೆ ಕವಲೊಡೆದ ನಕ್ಷತ್ರ ಬೆಳೆಯುತ್ತದೆ. ಐದು ಡಿಗ್ರಿ ಕೆಳಗಾದರೆ ಸೂಜಿ. ಎಂದ ಮೇಲೆ ನಮ್ಮ ತೋಳಿನ ಮೇಲಿನ ನಕ್ಷತ್ರ ಬಾಗಿಲ ಬಳಿ ಹುಟ್ಟಿದ್ದಲ್ಲ. ಬಹು ಎತ್ತರದಲ್ಲಿ, ಬಹು ತಣ್ಣನೆಯ ಮೋಡದಲ್ಲಿ ಹುಟ್ಟಿ ಬಂದದ್ದು.

ಈ ಸೀಮೆಯಲ್ಲಿ ಇಷ್ಟು ಹಿಮ ಏಕೆ? ಕಾನಜಾವ ಇರುವುದು ೩೬ ಡಿಗ್ರಿ ಉತ್ತರ ಅಕ್ಷಾಂಶದಿಂದ ಸ್ವಲ್ಪವೇ ಮೇಲೆ. ಆಫ್ರಿಕದ ಆಲ್ಜಿಯರ್ಸ್ ನಗರವೂ ಹೆಚ್ಚು ಕಡಿಮೆ ಅಲ್ಲಿಯೇ ಇದೆ. ಚಳಿಗಾಲದಲ್ಲಿ ಸೈಬೀರಿಯದ ಮೇಲೆ ತಣ್ಣನೆಯ ಭಾರವಾದ ಗಾಳಿ ಶೇಖರವಾಗಿ ವಾಯವ್ಯದಿಂದ ಜಪಾನಿನ ಕಡೆಗೆ ಹರಿಯುತ್ತದೆ. ಹೊರಟಾಗ ಅದು ಒಣಗಾಳಿ. ನಡುವೆ ಜಪಾನ್ ಸಮುದ್ರ. ಅದರೊಳಗೆ ದಕ್ಷಿಣದಿಂದ ತ್ಸುಷಿಮ ಎಂಬ ಬೆಚ್ಚನೆಯ ಪ್ರವಾಹ. ಸೊನ್ನೆಗಿಂತ ಎಷ್ಟೋ ಕೆಳಗಿನ ಗಾಳಿಗೆ ಹತ್ತು ಡಿಗ್ರಿಯ ಆಸುಪಾಸಿನ ಆ ನೀರು ಕಾಯಿಸಿದ ಹಂಡೆಯಂತೆಯೇ ಸರಿ. ಕೆಳಗಿನಿಂದ ಬೆಚ್ಚಗಾಗಿ, ನೀರಾವಿಯನ್ನು ತುಂಬಿಕೊಂಡು ಬಂದ ಗಾಳಿ ತೀರದ ಹಿಂದಿನ ಪರ್ವತಗಳನ್ನು ಏರಬೇಕಾದಾಗ ಹೊರೆಯನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ. ಪರ್ವತದ ಆಚೆ ಟೋಕಿಯೋದಲ್ಲಿ ಅದೇ ದಿನ ನಿರ್ಮಲವಾದ ಬಿಸಿಲು. ಆಗುಂಬೆಯ ಮಳೆಯನ್ನೂ ಚಿತ್ರದುರ್ಗದ ಬರವನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

೨೦೦೮ರಲ್ಲಿ ತೆರೆದ, ಹತ್ತು ಕಿಲೋಮೀಟರಿಗೂ ಮಿಕ್ಕಿ ಉದ್ದವಿರುವ ಹಿದ ಸುರಂಗವನ್ನು ದಾಟಿ ಹೊರಬಂದಾಗ ಲೋಕವೇ ಬೇರೆಯಾಗಿತ್ತು. ಸುರಂಗದ ಈಚೆ ಮೊಣಕಾಲುದ್ದವಿದ್ದ ಹಿಮ ಆಚೆ ಆಳುದ್ದವಾಗಿತ್ತು. ಷಿರಕಾವ-ಗೋದ ಓಗಿಮಾಚಿ ಹಳ್ಳಿ ಶೋಗಾವ ನದಿಯ ದಡದಲ್ಲಿದೆ. ೧೯೯೫ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿಯ ಮನೆಗಳಿಗೆ ಗಾಸ್ಷೊ ಶೈಲಿಯವೆಂದು ಹೆಸರು. ಗಾಸ್ಷೊ ಎಂದರೆ ಕೈ ಮುಗಿಯುವುದು. ಎರಡು ಅಂಗೈಗಳನ್ನು ಜೋಡಿಸಿದಂತೆ ಕಡಿದಾದ ಹುಲ್ಲಿನ ಮಾಡು. ಇಳುಕಲು ಅರವತ್ತು ಡಿಗ್ರಿಗೆ ಸಮೀಪ.

ಈ ಅರವತ್ತು ಡಿಗ್ರಿಯ ಬೆಲೆ ಏನೆಂದು ನೋಡೋಣ. ಇಲ್ಲಿಯ ಹಿಮ ಒದ್ದೆಯಾದದ್ದು, ಭಾರವಾದದ್ದು. ಕೆಲವು ದಿನ ಕುಳಿತು ಒತ್ತಿಕೊಂಡರೆ ಅದರ ಸಾಂದ್ರತೆ ನೀರಿನ ಹತ್ತರಲ್ಲಿ ಮೂರು ಭಾಗದಷ್ಟಾಗುತ್ತದೆ. ಎರಡು ಮೀಟರು ಹಿಮ ಬಿದ್ದು ನಿಂತರೆ ಚಪ್ಪಟೆ ಚಾವಣಿಯ ಚದರ ಮೀಟರೊಂದರ ಮೇಲೆ ೬೦೦ ಕಿಲೋಗ್ರಾಂ ಭಾರ ಕೂರುತ್ತದೆ; ಹತ್ತು ಮಂದಿ ಒತ್ತೊತ್ತಾಗಿ ನಿಂತಂತೆ. ಅರವತ್ತು ಡಿಗ್ರಿಯ ಮಾಡಿನಲ್ಲಿ ಒಂದು ಚದರ ಮೀಟರು ಹೊದಿಕೆಯ ಕೆಳಗೆ ಇರುವ ನೆಲ ಅರ್ಧ ಚದರ ಮೀಟರು ಮಾತ್ರ. ಆದ್ದರಿಂದ ಅದರ ಪಾಲಿಗೆ ಬರುವುದು ೩೦೦ ಕಿಲೋಗ್ರಾಂ. ಅದರಲ್ಲಿಯೂ ಮಾಡನ್ನು ನೇರವಾಗಿ ಒತ್ತುವ ಅಂಶ ೧೫೦. ಉಳಿದಂತೆ ಸುಮಾರು ೨೬೦ ಕಿಲೋಗ್ರಾಮಿನ ಬಲ ಹಿಮವನ್ನು ಕೆಳಕ್ಕೆ ಜಾರಿಸಲು ಎಳೆಯುತ್ತಿರುತ್ತದೆ. (೧೫೦ ಮತ್ತು ೨೬೦ ಕೂಡಿದರೆ ೩೦೦ ಹೇಗಾಗುತ್ತದೆಂದು ಕೇಳುವವರು ಬಲಗಳ ಸಮಾಂತರ ಚತುರ್ಭುಜವನ್ನು ಒಮ್ಮೆ ನೆನೆಯಬೇಕು.) ಹಿಮ ಜಾರಿಯೇ ಬೀಳುತ್ತದೆ. ನಾವು ನೋಡುತ್ತಿದ್ದಂತೆಯೇ ಒಂದು ಮನೆಯ ಪೂರ್ವದ ಇಳಿಜಾರಿನಿಂದ ಹಾಸಿಗೆಯಷ್ಟು ಹಿಮ ಧೊಪ್ಪೆಂದು ಬಿತ್ತು. ಮನೆಗಳೆಲ್ಲ ಉತ್ತರ ದಕ್ಷಿಣವಾಗಿ ನಿಂತಿವೆ. ಬೆಳಗಿನ ಬಿಸಿಲು ಒಂದು ಕಡೆಗೆ, ಸಂಜೆಯ ಬಿಸಿಲು ಇನ್ನೊಂದು ಕಡೆಗೆ ಬೀಳುತ್ತದೆ. ಕಣಿವೆಯುದ್ದಕ್ಕೂ ಬೀಸುವ ಗಾಳಿಗೆ ಎದುರಾಗುವುದು ಮನೆಯ ಕಿರಿದಾದ ಮುಖ.

ವಾದ ಮನೆತನದ ದೊಡ್ಡ ಮನೆಯೊಳಗೆ ಹೋಗಲು ಪ್ರವಾಸಿಗಳಿಗೆ ಅವಕಾಶವಿದೆ. ಮಾಡಿನ ಚೌಕಟ್ಟಿನಲ್ಲಿ ಒಂದು ಮೊಳೆಯೂ ಇಲ್ಲ. ತೊಲೆಗಳನ್ನು ಹುಲ್ಲಿನ ಹಗ್ಗದಿಂದಲೂ, ಬಳುಕುವ ಮರದ ಹಸಿಯ ಕೊಂಬೆಗಳನ್ನು ತಿರುಚಿದ ಕಟ್ಟುಗಳಿಂದಲೂ ಬಿಗಿದಿದ್ದಾರೆ. ಕೊಂಬೆ ಒಣಗುತ್ತ ಒಣಗುತ್ತ ಕಟ್ಟು ಇನ್ನೂ ಬಿಗಿಯಾಗುತ್ತದೆ. ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ದೊಡ್ಡ ತೊಲೆಗಳ ಬುಡ. ಬುಗುರಿಯ ಮೊಳೆಯಂತೆ ಅದನ್ನು ಚೂಪಾಗಿ ಕೆತ್ತಿ ಅಡ್ಡತೊಲೆಯ ಗುಳಿಯಲ್ಲಿ ನಿಲ್ಲಿಸಿದ್ದಾರೆ, ಅಷ್ಟೆ. ಬಿರುಗಾಳಿ ಬೀಸಿದಾಗ, ಹಿಮ ಒಂದೇ ಪಕ್ಕಕ್ಕೆ ಕುಳಿತಾಗ ತೊಲೆ ಆ ಗುಳಿಯಲ್ಲಿ ಸ್ವಲ್ಪ ಹೊರಳಬಲ್ಲದು, ಮುರಿಯಬೇಕಾದ ಅವಶ್ಯಕತೆಯಿಲ್ಲ. ಇಂಜಿನಿಯರುಗಳು ಕಾಗದದ ಮೇಲೆ ಸಣ್ಣ ವೃತ್ತ ಬರೆದು ತೋರಿಸುವ ತಿರುಗುಗೀಲು ಇದೇ. ನೆಲದ ನಡುವಣ ಒಲೆಗುಂಡಿಯಲ್ಲಿ ಸದಾ ಬೆಂಕಿ. ಹೊಗೆ ಅಟ್ಟದ ಮೂಲಕ ಏರಿ ಹಗ್ಗಕ್ಕೂ ಹುಲ್ಲಿಗೂ ಇಲ್ಲಣ ಹಿಡಿಸಿ ಹುಳು ಬೀಳದಂತೆ ಕಾಪಾಡುತ್ತದೆ. ಹಾಗಿದ್ದರೂ ಮೂವತ್ತು ನಲವತ್ತು ವರ್ಷಗಳಿಗೊಮ್ಮೆ ಹುಲ್ಲನ್ನು ಬದಲಿಸಬೇಕು. ಆಗ ಊರಿನವರೆಲ್ಲ ಸೇರಿ ಕೂಲಿಯಿಲ್ಲದೆ ದುಡಿದು ಒಂದೆರಡು ದಿನಗಳಲ್ಲೇ ಮುಗಿಸುವ ಪದ್ಧತಿಗೆ ಯುಇ ಎನ್ನುತ್ತಾರೆ. ನಮ್ಮ ಕಡೆಯ ಮುಯ್ಯಾಳಿನಂತೆಯೇ.

ಅಟ್ಟದ ಮೇಲೆ ಹಿಂದೆ ರೇಷ್ಮೆ ಹುಳುಗಳನ್ನು ಸಾಕುತ್ತಿದ್ದರು. ಒಲೆಯ ಶಾಖ ಮೇಲೇರಿ ಅಟ್ಟವನ್ನು ಬೆಚ್ಚಗಿಡುತ್ತಿತ್ತು. ಅಲ್ಲಿಟ್ಟಿರುವ ಬಿದಿರಿನ ತಟ್ಟೆಗಳನ್ನು ನೋಡಿದಾಗ ರಾಮನಗರದ ಹಳ್ಳಿಗಳ ಜಗಲಿಯಲ್ಲಿ ಒರಗಿಸಿಟ್ಟ ಚಂದ್ರಂಕಿಗಳು ನೆನಪಾದವು. ಜೆಮ್‌ಷೆಡ್‌ಜಿ ಟಾಟಾ ಅವರು ೧೮೯೦ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ತೆರೆದಾಗ ಜಪಾನಿನಿಂದಲೇ ಕುಶಲಿಗಳನ್ನು ಕರೆಸಿದ್ದರು. ಹುಳುಗಳ ಹಿಕ್ಕೆಯನ್ನೂ ಈ ಕಣಿವೆಯವರು ವ್ಯರ್ಥ ಮಾಡಲಿಲ್ಲ: ಹುಲ್ಲು ಮಣ್ಣುಗಳೊಡನೆ ಅದನ್ನು ನೆಲಮಾಳಿಗೆಯ ಗುಂಡಿಯಲ್ಲಿ ವರ್ಷಗಟ್ಟಲೆ ಕೊಳೆಸಿ, ಸೂಕ್ಷ್ಮಜೀವಿಗಳಿಂದ ಉಂಟಾದ ಪೆಟ್ಲುಪ್ಪನ್ನು ತೆಗೆದು ಕೋವಿಮದ್ದಿಗೆ ಮಾರುತ್ತಿದ್ದರು. ಮೇಲೆ ರೇಷ್ಮೆ, ಕೆಳಗೆ ಮದ್ದು, ನಡುವೆ ಸಂಸಾರ!

ಮನೆಯಿಂದ ಹೊರಬಿದ್ದು ಹತ್ತು ಹೆಜ್ಜೆ ಇಟ್ಟಿರಲಿಲ್ಲ. ಜನರ ಕಾಲ್ತುಳಿತದಿಂದ ಗಾಜಿನಂತಾಗಿದ್ದ ಹಿಮದ ಮೇಲೆ ನಮ್ಮ ಬಲಗಾಲು ತನ್ನ ಪಾಡಿಗೆ ತಾನು ಮುಂದಕ್ಕೆ ಹೋಯಿತು; ನಾವು ಅಂಗಾತ ಬಿದ್ದೆವು. ಮಾರ್ಗದರ್ಶಿನಿ “ಸೆನ್ಸೇ, ಸೆನ್ಸೇ!” ಎನ್ನುತ್ತ ಓಡಿಬಂದರು, ಗುರುಗಳಿಗೆ ಅವರಲ್ಲಿ ಹಾಗೆ ಕರೆಯುತ್ತಾರೆ. ಪೆಟ್ಟೇನೂ ಹೆಚ್ಚಾಗಲಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಪಾದವನ್ನು ಪೂರ್ತಿಯಾಗಿ ಊರಿ, ಪೆಂಗ್ವಿನ್ ಹಕ್ಕಿಯಂತೆ ನಡೆಯಿರಿ ಎಂದು ಅವರು ನಡೆದು ತೋರಿಸಿದರು. ಆದರೆ ಬಿದ್ದಲ್ಲಿಯೇ ನಮಗೆ ಬೇರೊಂದು ಪೆಟ್ಟು ತಗುಲಿತ್ತು.

ಆರು ವರ್ಷಗಳ ಹಿಂದೆ, ಮಂಜುಗಡ್ಡೆಯ ಮೇಲೆ ಕಾಲು ಜಾರುವುದೇಕೆ ಎಂಬುದನ್ನು ತರಗತಿಯಲ್ಲಿ ನಾವು ಹೀಗೆ ವಿವರಿಸಿದ್ದೆವು: ಒತ್ತಡ ಹೆಚ್ಚಿದರೆ ಗಡ್ಡೆಯ ದ್ರವನಬಿಂದು ಇಳಿಯುತ್ತದೆ, ಕಾಲಿನ ಕೆಳಗಿನ ಗಡ್ಡೆ ಒತ್ತಡದಿಂದ ಕರಗಿ ನೀರಾಗುತ್ತದೆ, ಆ ನೀರಿನ ಮೇಲೆ ಜಾರುತ್ತೇವೆ. ಗಡ್ಡೆಗೆ ತಂತಿ ಸುತ್ತಿ ಭಾರ ತೂಗುಹಾಕಿದರೆ ತಂತಿ ಅದನ್ನು ತೂರಿಕೊಂಡು ಹೋಗುವ ಪ್ರಯೋಗವನ್ನೂ ತೋರಿಸಿದ್ದೆವು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ತಂತಿ ತೆಳ್ಳಗಿದೆ, ಬೂಟಿನ ಅಟ್ಟೆ ಅಗಲವಾಗಿದೆಯಲ್ಲ. ಅಷ್ಟು ಒತ್ತಡ ಸಾಕಾಗುತ್ತದೆಯೇ?” ಎಂದು ಕೇಳಿದನು. ಪುಸ್ತಕದಲ್ಲಿರುವುದನ್ನು ಮೊದಲು ಓದು ಎಂದು ಅವನನ್ನು ಕೂರಿಸಿದೆವು. ತರಗತಿ ನಕ್ಕಿತು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಬಸ್ಸಿನಲ್ಲಿ ಕುಳಿತು ಟಿಪ್ಪಣಿ ಪುಸ್ತಕ ತೆರೆದು ಲೆಕ್ಕ ಹಾಕಿದೆವು. ನಮ್ಮ ತೂಕ ೬೦ ಕಿಲೋಗ್ರಾಂ. ಒಂದು ಬೂಟಿನ ಅಟ್ಟೆ ಸುಮಾರು ೧೫೦ ಚದರ ಸೆಂಟಿಮೀಟರು. ಒತ್ತಡ ಚದರ ಸೆಂಟಿಮೀಟರಿಗೆ ೦.೪ ಕಿಲೋಗ್ರಾಂ, ಎಂದರೆ ವಾಯುಮಂಡಲದ ಒತ್ತಡದ ಅರ್ಧಕ್ಕೂ ಕಡಮೆ. ಒಂದು ವಾಯುಮಂಡಲದ ಒತ್ತಡಕ್ಕೆ ದ್ರವನಬಿಂದು ಇಳಿಯುವುದು ಡಿಗ್ರಿಯ ಹತ್ತು ಸಾವಿರದಲ್ಲಿ ಸುಮಾರು ೭೫ ಭಾಗ. ಹಾಗಾದರೆ ನಮ್ಮ ತೂಕದಿಂದ ಇಳಿದದ್ದು ಡಿಗ್ರಿಯ ಸಾವಿರದಲ್ಲಿ ಮೂರು ಭಾಗ! ಹಿಮದ ಉಷ್ಣತೆ ಆಗ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿತ್ತು. ಚೂಪಾದ ಸ್ಕೇಟಿನ ಅಲಗಿನ ಮೇಲೆ, ಚದರ ಸೆಂಟಿಮೀಟರೊಂದಕ್ಕೆ ಇಡೀ ೬೦ ಕಿಲೋಗ್ರಾಂ ಬಿದ್ದರೂ ಇಳಿಯುವುದು ಅರ್ಧ ಡಿಗ್ರಿಗಿಂತ ಕಡಮೆ. ಆದರೆ ಜನ ಹತ್ತು ಡಿಗ್ರಿ ಕೆಳಗೂ ಸ್ಕೇಟ್ ಮಾಡುತ್ತಾರೆ. ಹುಡುಗನ ಸಂಶಯ ನ್ಯಾಯವಾಗಿತ್ತು. ಐದು ನಿಮಿಷದ ಈ ಗಣಿತವನ್ನು ಅಂದೇ ಮಾಡಬಹುದಾಗಿತ್ತು.

ನಿಜವಾದ ಉತ್ತರದ ಒಂದು ಸುಳಿವನ್ನು ೧೮೫೦ರಲ್ಲೇ ಫ್ಯಾರಡೆ ಕೊಟ್ಟಿದ್ದನು. ಕರಗುವ ಉಷ್ಣತೆಗಿಂತ ಕೆಳಗಿದ್ದಾಗಲೂ ಮಂಜುಗಡ್ಡೆಯ ಮೈಮೇಲೆ ನೀರಿನಂಥ ತೆಳುವಾದ ಪೊರೆಯೊಂದು ಇರುತ್ತದೆ ಎಂಬುದು ಅವನ ಊಹೆ. ಎರಡು ಗಡ್ಡೆಗಳನ್ನು ತಾಗಿಸಿದರೆ ಅಂಟಿಕೊಳ್ಳುವುದಕ್ಕೆ ಅದೇ ಕಾರಣವೆಂದನು. ಒಳಗಿನ ಅಣುವನ್ನು ಎಲ್ಲ ಕಡೆಯಿಂದಲೂ ನೆರೆಯ ಅಣುಗಳು ಹಿಡಿದಿರುತ್ತವೆ. ಮೇಲ್ಮೈಯ ಅಣುವಿಗೆ ಒಂದು ಕಡೆ ಆಸರೆಯಿಲ್ಲ, ಆದ್ದರಿಂದ ಅದು ಸಡಿಲ. ಈ ಸಡಿಲ ಪೊರೆಯನ್ನು ಇಪ್ಪತ್ತನೆಯ ಶತಮಾನದ ಸೂಕ್ಷ್ಮ ಉಪಕರಣಗಳು ತೋರಿಸಿಕೊಟ್ಟಿವೆ. ಅದರ ದಪ್ಪ ನ್ಯಾನೋಮೀಟರುಗಳಲ್ಲಿ ಎಣಿಸುವಷ್ಟು. ಇನ್ನೊಂದು ಕಾರಣ ಘರ್ಷಣೆಯ ಶಾಖ. ೧೯೩೯ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬವರು ಜಾರುವ ವಸ್ತುವಿನ ಉಜ್ಜುವಿಕೆಯೇ ಗಡ್ಡೆಯನ್ನು ಕರಗಿಸುತ್ತದೆಂದು ಪ್ರಯೋಗಗಳಿಂದ ವಾದಿಸಿದರು. ನಿಂತ ಕಾಲು ಜಾರಲಾರಂಭಿಸುವುದಕ್ಕೆ ಪೊರೆ, ಜಾರಿದ ಕಾಲು ನಿಲ್ಲದಿರುವುದಕ್ಕೆ ಘರ್ಷಣೆಯ ಶಾಖ. ಹೀಗೆ ಎರಡೂ ಪಾಲುಗಾರರಿರಬೇಕು. ಯಾರ ಪಾಲು ಎಷ್ಟೆಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಕಾನಜಾವ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಓಮಿಚೊ ಪೇಟೆಯಲ್ಲಿ ನಮ್ಮ ತಂಡದ ಬಹುಮಂದಿ ಹಿಮದ ಏಡಿಯನ್ನು ತಿನ್ನಲು ಸಾಲುಗಟ್ಟಿ ನಿಂತರು. ಏಡಿಯನ್ನು ಹಿಡಿಯುವುದು ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ. ಹೆಣ್ಣನ್ನು ಡಿಸೆಂಬರಿನ ಕೊನೆಯವರೆಗೆ ಮಾತ್ರ. ಸಂತತಿ ಉಳಿಯಲೆಂದು ಸರ್ಕಾರ ವಿಧಿಸಿರುವ ಕಟ್ಟು ಇದು. ನಾವೂ ಹುಬ್ಬಳ್ಳಿಯ ತಾಯಿಯವರೂ ಚಿನ್ನದ ರೇಕು ಹೊದಿಸಿದ ಐಸ್‌ಕ್ರೀಮಿಗೆ ಶರಣಾದೆವು. ಜಪಾನಿನ ಚಿನ್ನದ ರೇಕೆಲ್ಲ ಬಹುಮಟ್ಟಿಗೆ ಈ ನಗರದಲ್ಲೇ ತಯಾರಾಗುತ್ತದೆ. ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಒಂದು ಗ್ರಾಂ ಚಿನ್ನ ಅರ್ಧ ಚದರ ಮೀಟರನ್ನು ಮುಚ್ಚುತ್ತದೆ. ರುಚಿ ಮಾತ್ರ ಏನೂ ಇಲ್ಲ. ರಾಸಾಯನಿಕವಾಗಿ ಅದರ ನಿರ್ಲಿಪ್ತತೆ ನಾಲಿಗೆಗೂ ಅನ್ವಯಿಸುತ್ತದೆ.

ಕೆನ್ರೊಕು-ಎನ್ ಉದ್ಯಾನದಲ್ಲಿ ಪೈನ್ ಮರಗಳಿಗೆ ಹಗ್ಗ ಕಟ್ಟಿರುವುದನ್ನು ಕಂಡೆವು. ಮರದ ನಡುವೆ ಎತ್ತರವಾದ ಕಂಬ ನೆಟ್ಟು, ಅದರ ತುದಿಯಿಂದ ಛತ್ರಿಯ ಕಡ್ಡಿಗಳಂತೆ ಹಗ್ಗಗಳನ್ನು ಇಳಿಬಿಟ್ಟು ಒಂದೊಂದು ಕೊಂಬೆಯನ್ನೂ ಹಿಡಿದಿದ್ದಾರೆ. ಕರಸಾಕಿ ಎಂಬ ಹೆಸರಿನ ಮರವೊಂದಕ್ಕೇ ಸುಮಾರು ಎಂಟುನೂರು ಹಗ್ಗ. ಕೊಂಬೆಯ ತುದಿಯಲ್ಲಿ ಹಿಮ ಕುಳಿತರೆ ಸನ್ನೆಕೋಲಿನಂತೆ ಬುಡವನ್ನು ಮುರಿಯುತ್ತದೆ. ಹಗ್ಗ ಆ ಭಾರವನ್ನು ಕಂಬಕ್ಕೆ ವರ್ಗಾಯಿಸುತ್ತದೆ. ಪ್ರತಿ ವರ್ಷವೂ ನವೆಂಬರ್ ಒಂದನೆಯ ತಾರೀಖು ಕಟ್ಟಲಾರಂಭಿಸಿ ಮಾರ್ಚಿಯಲ್ಲಿ ಬಿಚ್ಚುತ್ತಾರೆ. ಅಲ್ಲಿಯೇ ೧೮೬೧ರಲ್ಲಿ ಮಾಡಿದ ಕಾರಂಜಿಯೊಂದಿದೆ. ಅದಕ್ಕೆ ಪಂಪಿಲ್ಲ, ವಿದ್ಯುತ್ತಿಲ್ಲ. ಮೇಲಿನ ಕಸುಮಿಗೈಕೆ ಕೊಳದ ನೀರು ತನ್ನ ಮಟ್ಟವನ್ನು ತಲುಪಲೆಳಸಿ ಮೂರೂವರೆ ಮೀಟರು ಚಿಮ್ಮುತ್ತದೆ. ಕೊಳದ ಮಟ್ಟ ಏರಿಳಿದರೆ ಚಿಲುಮೆಯೂ ಏರಿಳಿಯುತ್ತದೆ.

ಕತ್ತಲಾಗುವ ವೇಳೆಗೆ ಗುಡುಗಿತು. ಹಿಮದ ಜೊತೆಗೆ ಗುಡುಗು! ಚಳಿಗಾಲದ ಈ ಗುಡುಗು ಇಲ್ಲಿ ಸಾಮಾನ್ಯವೆಂದೂ, ಬುರಿ ಎಂಬ ಮೀನನ್ನು ಎಬ್ಬಿಸುವ ಗುಡುಗೆಂದು ಬೆಸ್ತರು ಕರೆಯುವರೆಂದೂ ಮಾರ್ಗದರ್ಶಿನಿ ಹೇಳಿದರು. ರಸ್ತೆಯ ನಡುವೆ ಹುದುಗಿಸಿದ ಕೊಳವೆಗಳ ರಂಧ್ರಗಳಿಂದ ನೀರು ಚಿಮ್ಮಲಾರಂಭಿಸಿತು. ೧೯೬೦ರ ದಶಕದ ಆರಂಭದಲ್ಲಿ ನಾಗಾವೊಕ ನಗರದಲ್ಲಿ ಬಳಕೆಗೆ ಬಂದ ಏರ್ಪಾಡು ಇದು. ಅಂತರ್ಜಲವನ್ನೆತ್ತಿ ಹಿಮವನ್ನು ಕರಗಿಸುವುದು. ನೆಲದೊಳಗಿನ ನೀರು ಚಳಿಗಾಲದಲ್ಲಿಯೂ ಹದಿನಾಲ್ಕು ಡಿಗ್ರಿಯಷ್ಟಿರುತ್ತದೆ. ಅಂಥ ನೀರು ಗ್ರಾಂ ಒಂದಕ್ಕೆ ಕೊಡಬಲ್ಲುದು ೧೪ ಕ್ಯಾಲರಿ. ಹಿಮಕ್ಕೆ ಬೇಕಾದದ್ದು ೮೦. ಆದ್ದರಿಂದ ಒಂದು ಲೋಟ ಹಿಮದ ನೀರಿಗೆ ಆರು ಲೋಟ ಅಂತರ್ಜಲ ಬೇಕು. ಎಷ್ಟೋ ಊರುಗಳಲ್ಲಿ ಹೀಗೆ ನೀರೆತ್ತಿ ಎತ್ತಿ ನೆಲವೇ ಕುಸಿಯುವ ಚಿಂತೆ ಹುಟ್ಟಿದೆ. ನೀರಿನಲ್ಲಿರುವ ಕಬ್ಬಿಣದಿಂದ ರಸ್ತೆಗಳು ಕೆಂಪಡರಿರುವುದನ್ನೂ ನೋಡಿದೆವು. ಬೆಳಗ್ಗೆ ಜೇಬಿನಲ್ಲಿಟ್ಟ ತುಕ್ಕು ಅಷ್ಟು ಹೊತ್ತಿಗೆ ತಣ್ಣಗಾಗಿತ್ತು.

ಆ ಹಿಂದಿನ ಬೆಂಚಿನ ಹುಡುಗ ಈಗ ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾನೆಂದು ತಿಳಿದಿತ್ತು. ರಾತ್ರಿ ವಸತಿಗೃಹದ ಕಾಗದದ ಮೇಲೆ ಮೇಲಿನ ಲೆಕ್ಕವನ್ನೆಲ್ಲ ಅವನಿಗೆ ಬರೆದು, ಅಂದು ನೀನು ಕೇಳಿದ ಪ್ರಶ್ನೆ ಸರಿ, ನಾವು ಕೊಟ್ಟ ಉತ್ತರ ತಪ್ಪು ಎಂದು ಸೇರಿಸಿದೆವು. ನಾವು ಊರಿಗೆ ಬಂದ ಎರಡು ವಾರಗಳ ಮೇಲೆ ಉತ್ತರ ಬಂತು. ಅದರಲ್ಲಿ ಕುಶಲ ಪ್ರಶ್ನೆಗಳು ಎರಡು ಸಾಲು, ಆಮೇಲೆ ಹೀಗಿತ್ತು: “ಸಾರ್, ಪೊರೆ ಇರುವುದರಿಂದ ಜಾರುವುದಾದರೆ, ಬಹಳ ಚಳಿಯಲ್ಲಿ, ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ, ಮಂಜುಗಡ್ಡೆ ಜಾರಬಾರದಲ್ಲ?” ಜಾರುವುದು ಬಹಳ ಕಡಮೆಯಾಗುತ್ತದೆಂದು ಧ್ರುವಯಾತ್ರಿಗಳು ಬರೆದಿದ್ದಾರೆ, ಅಷ್ಟು ಚಳಿಯಲ್ಲಿ ಜಾರುಬಂಡಿ ಮರಳಿನ ಮೇಲೆ ಎಳೆದಂತಾಗುತ್ತದಂತೆ. ಅದನ್ನು ಅವನಿಗೆ ತಿಳಿಸಿದ್ದೇವೆ.